ಬೇಸಿಗೆ ಕೊನೆಯಲ್ಲಿ ನೀರಹಕ್ಕಿ ನೋಡಲು ಯಾವ ನದಿಗೆ ಹೋಗಬೇಕು?

ಏಪ್ರಿಲ್ ಬಂತೆಂದರೆ ಹಕ್ಕಿ ನೋಡುವವರಲ್ಲಿ ಅರ್ಧ ಜನ ಬೈನಾಕ್ಯುಲರನ್ನು ಕಪಾಟಿಗೆ ಸೇರಿಸುತ್ತಾರೆ. ವಲಸೆ ಹಕ್ಕಿಗಳು ಹೋದವು, ಬಿಸಿಲು ಜಾಸ್ತಿ, ಇನ್ನು ನವೆಂಬರಿಗೆ ನೋಡಿಕೊಳ್ಳೋಣ ಎನ್ನುವುದು ಅವರ ಲೆಕ್ಕ. ಬಾತುಗಳ ಮಟ್ಟಿಗೆ ಈ ಲೆಕ್ಕ ಸರಿ. ನೀರಲ್ಲಿ ಕಾಲೂರಿ ನಿಂತು ಮೇಯುವ ಹಕ್ಕಿಗಳ ಮಟ್ಟಿಗೆ ಸರಿಯಲ್ಲ. ಕೊಕ್ಕರೆ, ಬಕ, ಬೆಳ್ಳಕ್ಕಿ, ಕೆಂಬರಲು, ಟಿಟ್ಟಿಭ, ಗೊರವ (ಸ್ಯಾಂಡ್‌ಪೈಪರ್) ಇವಕ್ಕೆಲ್ಲ ತುಂಬಿದ ನದಿಯಿಂದ ಏನೂ ಪ್ರಯೋಜನವಿಲ್ಲ. ಬೇಕಾದದ್ದು ಇಳಿದ ನದಿ. ಗೇಣುದ್ದದ ನೀರು, ಅದರಲ್ಲಿ ಒತ್ತಾಗಿ ಸಿಕ್ಕಿಬಿದ್ದ ಮೀನು, ದಡದಲ್ಲಿ ಹಸಿ ಕೆಸರು. ಮಾರ್ಚ್ ನಡುವಿನಿಂದ ಮುಂಗಾರು ಬರುವವರೆಗೆ ನಮ್ಮ ನದಿಗಳಲ್ಲಿ ಇರುವುದೇ ಅದು.

ಹಾಗಂತ ಎಲ್ಲ ನದಿಯೂ ಒಂದೇ ಅಲ್ಲ. ರಂಗನತಿಟ್ಟಿಗೆ ಹೋಗಿ ಸಣ್ಣ ಗೊರವಗಳಿಲ್ಲ ಎಂದು ಬೇಸರ ಪಡುವವರಿದ್ದಾರೆ. ಮೇ ಕೊನೆಯಲ್ಲಿ ಕರಾವಳಿಯ ಅಘನಾಶಿನಿಗೆ ಹೋಗಿ ಖಾಲಿ ಕೆಸರು ನೋಡಿ ಬರುವವರೂ ಇದ್ದಾರೆ. ಜಾಗದ ಹೆಸರು ನೋಡಿ ಹೊರಡುವುದಕ್ಕಿಂತ ಎರಡು ವಿಷಯ ಕೇಳಿಕೊಂಡು ಹೊರಡುವುದು ಒಳ್ಳೆಯದು. ಇದು ಯಾವ ವಾರ? ಅಲ್ಲಿ ಈಗ ನೀರು ಎಷ್ಟಿದೆ?

ಮೊದಲು ನೀರಿನ ಆಳ

ಹಕ್ಕಿಯ ಕಾಲು ಎಷ್ಟುದ್ದ, ಅದು ಹೇಗೆ ಮೇಯುತ್ತದೆ ಎನ್ನುವುದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಬಣ್ಣದ ಕೊಕ್ಕರೆ ಕೊಕ್ಕನ್ನು ಅರ್ಧ ತೆರೆದು ನೀರೊಳಗೆ ಇಟ್ಟುಕೊಂಡು ನಡೆಯುತ್ತದೆ, ಕಾಲಿಂದ ಕೆಸರು ಕದಡುತ್ತದೆ. ಮೀನು ತಗುಲಿದ ತಕ್ಷಣ ಕೊಕ್ಕು ಮುಚ್ಚುತ್ತದೆ. ಕಣ್ಣಿಗೆ ಅಲ್ಲಿ ಹೆಚ್ಚು ಕೆಲಸವಿಲ್ಲ. ಹಾಗಾಗಿ ರಾಡಿ ನೀರೂ ಆದೀತು, ಆದರೆ ಆಳ ಹಕ್ಕಿಯ ಮೊಣಕಾಲು ದಾಟಬಾರದು. ಚಮಚ ಕೊಕ್ಕಿನ ಹಕ್ಕಿ ಕೊಕ್ಕನ್ನು ಎಡಕ್ಕೂ ಬಲಕ್ಕೂ ಬೀಸುತ್ತಾ ಸಾಗುತ್ತದೆ. ಅದಕ್ಕೂ ತೆಳು ನೀರೇ ಬೇಕು, ಜೊತೆಗೆ ಅಡ್ಡಿಯಿಲ್ಲದ ಬಯಲು ಬೇಕು. ಬಾಯ್ಕಳಕ ಬಸವನಹುಳು ಹುಡುಕುವ ಹಕ್ಕಿ, ಗದ್ದೆಯ ನೀರೂ ಸಾಕು. ಬಕಗಳದು ಕಾದು ಹಿಡಿಯುವ ಕಸುಬು. ಬಂಡೆ, ಜೊಂಡು, ಮರದ ಬೇರು ಏನಾದರೂ ಸರಿ, ಅಲುಗಾಡದೆ ನಿಲ್ಲಲು ಜಾಗ ಬೇಕು.

ಇನ್ನು ಗೊರವ, ಪ್ಲೋವರ್‌ಗಳಂಥ ಸಣ್ಣವು. ಇವಕ್ಕೆ ನೀರಿಗಿಂತ ಈಗತಾನೇ ನೀರು ಬಿಟ್ಟ ಕೆಸರು ಮುಖ್ಯ. ನಿನ್ನೆ ಮುಳುಗಿದ್ದು ಇವತ್ತು ಬಯಲಾದರೆ ಅಲ್ಲಿ ಹುಳು ಇರುತ್ತದೆ. ವಾರದ ಹಿಂದೆ ಬಯಲಾಗಿ ಬಿರುಕು ಬಿಟ್ಟ ನೆಲದಲ್ಲಿ ಏನೂ ಇರುವುದಿಲ್ಲ. ಹಿನ್ನೀರಿನ ಬಯಲಲ್ಲಿ ಮೈಲಿಗಟ್ಟಲೆ ನೆಲ ಕಂಡರೂ ಹಕ್ಕಿಗಳೆಲ್ಲ ನೀರಂಚಿನ ಒಂದು ಪಟ್ಟಿಯಲ್ಲೇ ಸೇರುವುದು ಇದಕ್ಕೇ.

ಈ ಲೆಕ್ಕ ಇಟ್ಟುಕೊಂಡು ಒಂದೊಂದೇ ಜಾಗ ನೋಡೋಣ.

ರಂಗನತಿಟ್ಟು: ಗೂಡು ನೋಡಲು ಇದಕ್ಕಿಂತ ಸುಲಭದ ಜಾಗವಿಲ್ಲ

ಶ್ರೀರಂಗಪಟ್ಟಣದ ಹತ್ತಿರ, ಕಾವೇರಿಯ ನಡುವಿನ ಪುಟ್ಟ ನಡುಗಡ್ಡೆಗಳು. 17ನೇ ಶತಮಾನದ ನಡುವಿನಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ನದಿಗೆ ಅಡ್ಡಲಾಗಿ ಒಡ್ಡು ಕಟ್ಟಿದಾಗ ಈ ತಿಟ್ಟುಗಳು ರೂಪುಗೊಂಡವು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಸುತ್ತಲೂ ನೀರು, ನೀರಲ್ಲಿ ಮೊಸಳೆ. ನಾಯಿ, ಬೆಕ್ಕು, ಮನುಷ್ಯ ಯಾರೂ ಗೂಡಿನ ಹತ್ತಿರ ಸುಳಿಯುವಂತಿಲ್ಲ. ಹಕ್ಕಿಗಳಿಗೆ ಇದಕ್ಕಿಂತ ಒಳ್ಳೆಯ ಕಾವಲು ಇನ್ನೇನು ಬೇಕು ಹೇಳಿ.

ಏಪ್ರಿಲ್‌ನಲ್ಲಿ ಇಲ್ಲಿ ಬಣ್ಣದ ಕೊಕ್ಕರೆಯ ಮರಿಗಳು ದೊಡ್ಡದಾಗಿರುತ್ತವೆ. ಬೂದು ಬಣ್ಣದ ಮರಿಗಳು ರೆಕ್ಕೆ ಬಡಿದು ಅಭ್ಯಾಸ ಮಾಡುವುದು, ತಾಯಿ ಬಂದರೆ ಗಲಾಟೆ ಮಾಡುವುದು, ನಡುಮಧ್ಯಾಹ್ನ ದೊಡ್ಡ ಹಕ್ಕಿ ರೆಕ್ಕೆ ಅಗಲಿಸಿ ಮರಿಗೆ ನೆರಳು ಕೊಡುವುದು, ಎಲ್ಲವೂ ದೋಣಿಯಲ್ಲಿ ಕೂತಲ್ಲೇ ಕಾಣುತ್ತದೆ. ಚಮಚ ಕೊಕ್ಕಿನ ಹಕ್ಕಿ, ಬಿಳಿ ಕೆಂಬರಲು, ಬಾಯ್ಕಳಕ, ಇರುಳು ಬಕ, ಬೆಳ್ಳಕ್ಕಿ ಒಂದೇ ಸುತ್ತಿನಲ್ಲಿ ಸಿಗುತ್ತವೆ. ದೋಣಿ ನಡೆಸುವವರಿಗೆ ಹಕ್ಕಿ ಚೆನ್ನಾಗಿ ಗೊತ್ತು. ಅವರು ಬೆರಳು ತೋರಿಸಿದ ಕಡೆ ನೋಡಿ.

ಆದರೆ ಬೇಸಿಗೆಯ ರಂಗನತಿಟ್ಟಿನಲ್ಲಿ ನನಗೆ ಹೆಚ್ಚು ಇಷ್ಟ ಮರದ ಮೇಲಿನದ್ದಲ್ಲ, ಬಂಡೆಯ ಮೇಲಿನದ್ದು. ನೀರು ಇಳಿದಾಗ ನದಿಯ ನಡುವೆ ಚಪ್ಪಟೆ ಬಂಡೆಗಳು ಮೇಲೇಳುತ್ತವೆ. ಅವುಗಳ ಮೇಲೆ ನದಿ ರೀವಗಳು (ರಿವರ್ ಟರ್ನ್) ಮೊಟ್ಟೆ ಇಡುತ್ತವೆ. ಪಕ್ಕದಲ್ಲೇ ಗ್ರೇಟ್ ಸ್ಟೋನ್ ಪ್ಲೋವರ್, ದಪ್ಪ ಮಂಡಿಯ, ದೊಡ್ಡ ಹಳದಿ ಕಣ್ಣಿನ ಹಕ್ಕಿ, ಬಂಡೆಯದೇ ತುಂಡಿನಂತೆ ಕೂತಿರುತ್ತದೆ. ಹತ್ತು ಜನರ ದೋಣಿಯಲ್ಲಿ ಎಂಟು ಜನ ಅದನ್ನು ನೋಡದೆಯೇ ಇಳಿದು ಹೋಗುತ್ತಾರೆ. ಎಲ್ಲರೂ ಮೊಸಳೆಯ ಫೋಟೋ ತೆಗೆಯುತ್ತಿರುತ್ತಾರಲ್ಲ! ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟರೆ ಈ ಬಂಡೆಗಳು ಮುಳುಗುತ್ತವೆ, ಗೂಡೂ ಹೋಗುತ್ತದೆ. ಆದ್ದರಿಂದ ಬಂಡೆ ಹಕ್ಕಿ ನೋಡಬೇಕೆಂದರೆ ಮಾರ್ಚ್ ಕೊನೆಯಿಂದ ಮೇ ಮೊದಲ ಭಾಗದೊಳಗೆ ಹೋಗಿ.

ಕುಂದು ಏನೆಂದರೆ ಹೊತ್ತು. ಬೆಳಕು ಹರಿಯುವಾಗ ಗೇಟು ತೆರೆದಿರುವುದಿಲ್ಲ, ದೋಣಿ ಶುರುವಾಗುವ ಹೊತ್ತಿಗೆ ಬಿಸಿಲು ಏರಿರುತ್ತದೆ. ಸಾಮಾನ್ಯ ದೋಣಿಯ ಸುತ್ತು ಬೇಗ ಮುಗಿದುಹೋಗುತ್ತದೆ. ಕ್ಯಾಮೆರಾ ಇರುವವರಿಗೆ ಹೆಚ್ಚು ದುಡ್ಡಿನ, ಹೆಚ್ಚು ಹೊತ್ತಿನ ದೋಣಿ ಉಂಟು. ಮೂರು ನಾಲ್ಕು ಜನ ಹಂಚಿಕೊಂಡರೆ ಅದು ದುಬಾರಿ ಅನಿಸುವುದಿಲ್ಲ. ಬೇಸಿಗೆ ರಜೆಯ ಭಾನುವಾರ ಮಾತ್ರ ಬೇಡ. ಟಿಕೆಟ್ ಸಾಲಲ್ಲೇ ನಿಮ್ಮ ಬೆಳಗು ಕರಗುತ್ತದೆ.

ಇನ್ನೊಂದು ವಿಷಯ. ರಂಗನತಿಟ್ಟು ಈ ಹಕ್ಕಿಗಳ ಮಲಗುವ ಮನೆ, ಊಟದ ಜಾಗ ಬೇರೆ. ಮೇಯಲು ಅವು ಸುತ್ತಲಿನ ನಾಲೆ ಬಯಲಿಗೆ, ಗದ್ದೆಗೆ, ಕೆರೆಗೆ ಹೋಗುತ್ತವೆ. ಗೇಟು ತೆರೆಯುವ ಮೊದಲಿನ ಎರಡು ಗಂಟೆಯನ್ನು ಶ್ರೀರಂಗಪಟ್ಟಣದ ಸುತ್ತಲ ಗದ್ದೆ ರಸ್ತೆಗಳಲ್ಲಿ ಕಳೆಯಿರಿ. ನೀರು ನಿಂತ ಗದ್ದೆ ಸಿಕ್ಕರೆ ಬಾಯ್ಕಳಕ, ಕೆಂಬರಲು, ಕೊಳದ ಬಕ ಮೇಯುವುದು ಪುಕ್ಕಟೆ ನೋಡಬಹುದು.

ಕೊಕ್ಕರೆ ಬೆಳ್ಳೂರು: ಹೋಗುವುದಾದರೆ ಬೇಗ ಹೋಗಿ

ಮದ್ದೂರು ತಾಲ್ಲೂಕಿನ ಈ ಊರಲ್ಲಿ ಹುಣಸೆ ಮರದ ಮೇಲೆ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ. ಮರದ ಕೆಳಗೆ ಎಮ್ಮೆ, ಮೋಟಾರ್ ಸೈಕಲ್ಲು. ಹಕ್ಕಿಗಳು ಮೇಯುವುದು ಹತ್ತಿರದ ಶಿಂಷಾ ನದಿಯಲ್ಲಿ ಮತ್ತು ಸುತ್ತಲಿನ ಕೆರೆಗಳಲ್ಲಿ. ಊರವರು ಮರದಡಿ ಬೀಳುವ ಹಿಕ್ಕೆಯನ್ನು ಗೊಬ್ಬರಕ್ಕೆ ಬಳಸುತ್ತಾ ಬಂದವರು. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಿತು. 2017ರ ಕೊನೆಯಲ್ಲಿ ಇಲ್ಲಿನ ಹೆಜ್ಜಾರ್ಲೆಗಳು ಜಂತುಹುಳುವಿನ ಸೋಂಕಿನಿಂದ ಸತ್ತು ಬೀಳತೊಡಗಿದಾಗ ಕಾರಣ ಹುಡುಕುತ್ತಾ ಜನ ಕಡೆಗೆ ನೋಡಿದ್ದು ಅವು ಮೇಯುವ ನೀರನ್ನೇ.

ರಂಗನತಿಟ್ಟಿನ ಜೊತೆ ಇಟ್ಟು ನೋಡಿದರೆ ಇಲ್ಲಿ ಹಕ್ಕಿಯ ಜಾತಿಗಳು ಕಡಿಮೆ, ಹತ್ತಿರ ಮಾತ್ರ ಜಾಸ್ತಿ. ದೋಣಿ ಬೇಡ, ಟಿಕೆಟ್ ಸಾಲು ಇಲ್ಲ, ಬೆಳಗಿನ ಆರಕ್ಕೇ ಹೋಗಿ ನಿಲ್ಲಬಹುದು. ಮಕ್ಕಳಿಗೆ, ನಡೆಯಲಾಗದ ಹಿರಿಯರಿಗೆ ಇದೇ ವಾಸಿ. ಆದರೆ ಬೇಸಿಗೆಯ ಕೊನೆ ಎಂದರೆ ಇಲ್ಲಿ ಹಬ್ಬ ಮುಗಿಯುವ ಹೊತ್ತು. ಏಪ್ರಿಲ್ ಕಳೆಯುತ್ತಿದ್ದಂತೆ ಮರಿಗಳು ಹಾರಲು ಕಲಿತು ಗೂಡುಗಳು ಬರಿದಾಗತೊಡಗುತ್ತವೆ. ನಾನಂತೂ ಏಪ್ರಿಲ್ ನಡುವಿನ ನಂತರ ಯಾರಿಗೂ ಈ ಊರನ್ನು ಹೇಳುವುದಿಲ್ಲ. ಹೋದಾಗ ಯಾರದೋ ಹಿತ್ತಲಲ್ಲಿ ನಿಂತಿದ್ದೀರಿ ಎನ್ನುವುದು ನೆನಪಿರಲಿ. ಅಂಗಳದಲ್ಲಿದ್ದವರನ್ನು ಮಾತಾಡಿಸಿ, ಕೇಳಿ ಒಳಗೆ ಹೋಗಿ. ಮರಿ ಇರುವ ಗೂಡಿನ ಮೇಲೆ ಡ್ರೋನ್ ಹಾರಿಸುವ ಆಸೆ ಇದ್ದರೆ ದಯವಿಟ್ಟು ಮನೆಯಲ್ಲೇ ಇರಿ.

ತುಂಗಭದ್ರಾ ಹಿನ್ನೀರು: ಬಯಲು ಹಕ್ಕಿಗಳ ರಾಜ್ಯ

ನನ್ನ ಮಟ್ಟಿಗೆ ಬೇಸಿಗೆಯ ಕೊನೆಯಲ್ಲಿ ಮೊದಲ ಸ್ಥಾನ ಇದಕ್ಕೆ. ಇದು ಎಲ್ಲರಿಗೂ ಒಪ್ಪಿಗೆಯಾಗುವ ಮಾತಲ್ಲ, ಗೊತ್ತು. ಹೊಸಪೇಟೆ, ಹಗರಿಬೊಮ್ಮನಹಳ್ಳಿ ಕಡೆ ಏಪ್ರಿಲ್‌ನಲ್ಲಿ 40 ಡಿಗ್ರಿ ಮುಟ್ಟುವುದು ಮಾಮೂಲು, ಮರದ ನೆರಳು ಕಡಿಮೆ, ಬೋರ್ಡು ಹಾಕಿದ ವ್ಯೂ ಪಾಯಿಂಟ್ ಹುಡುಕಿದರೆ ಸಿಗುವುದಿಲ್ಲ.

ಆದರೂ ಯಾಕೆ? ಕಾರಣ ಹೂಳು. 1953ರಲ್ಲಿ ಮುಗಿದ ಈ ಜಲಾಶಯ ಮೊದಲು 133 ಟಿಎಂಸಿ ಹಿಡಿಯುತ್ತಿತ್ತು, ಈಗ ಸುಮಾರು 105ಕ್ಕೆ ಇಳಿದಿದೆ. ರೈತರ ಪಾಲಿಗೆ ಇದು ದೊಡ್ಡ ನಷ್ಟ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೂಳು ತುಂಬಿದ ಕಡೆ ನೆಲ ಚಪ್ಪಟೆಯಾಗಿ, ನೀರು ತೆಳುವಾಗಿ ಹರಡುತ್ತದೆ. ಬೇಸಿಗೆಯಲ್ಲಿ ಜಲಾಶಯ ಇಳಿಯುತ್ತಾ ಹೋದಂತೆ ಹಿನ್ನೀರಿನ ಅಂಚು ದಿನದಿನಕ್ಕೆ ಹಿಂದೆ ಸರಿಯುತ್ತದೆ. ಪ್ರತಿದಿನ ಹೊಸ ಕೆಸರು. ಕಾಲುದ್ದದ ಹಕ್ಕಿಗೂ ಗಿಡ್ಡ ಕಾಲಿನ ಹಕ್ಕಿಗೂ ಒಂದೇ ಜಾಗದಲ್ಲಿ ಊಟ.

ಹಾಗಾಗಿ ಇಲ್ಲಿ ಸಿಗುವ ಪಟ್ಟಿಯೇ ಬೇರೆ. ಅದೃಷ್ಟ ಚೆನ್ನಾಗಿದ್ದ ವರ್ಷ ರಾಜಹಂಸಗಳು ಬೇಸಿಗೆಯಲ್ಲೂ ಉಳಿದಿರುತ್ತವೆ. ಮೆಟ್ಟುಗಾಲು ಹಕ್ಕಿ, ಬಣ್ಣದ ಕೊಕ್ಕರೆ, ಚಮಚ ಕೊಕ್ಕಿನ ಹಕ್ಕಿ ಬಯಲಲ್ಲಿ ಮೇಯುವುದು ಕಾಣುತ್ತದೆ. ಏಪ್ರಿಲ್ ಮೊದಲ ಭಾಗದಲ್ಲಿ ಉತ್ತರಕ್ಕೆ ಹೊರಟ ಗೊರವಗಳೂ ಇರುತ್ತವೆ. ಪ್ರಾಟಿನ್ಕೋಲ್‌ಗಳು ಸಂಜೆ ನೀರ ಮೇಲೆ ಹುಳ ಹಿಡಿಯುತ್ತಾ ಹಾರುವುದನ್ನು ನೋಡುತ್ತಾ ಎಷ್ಟು ಹೊತ್ತಾದರೂ ಕೂತಿರಬಹುದು. ನೋಡಲು ಕವಲುತೋಕೆಯ ತರಹ ಹಾರುತ್ತವೆ, ಆದರೆ ಇವೂ ಕಡಲಂಚಿನ ಗೊರವಗಳ ದೊಡ್ಡ ಬಳಗದವೇ.

ಹತ್ತಿರದಲ್ಲೇ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ ಇದೆ. 2024ರಲ್ಲಿ ರಾಮ್ಸರ್ ಪಟ್ಟಿ ಸೇರಿದ ಕರ್ನಾಟಕದ ಮೂರು ಜಾಗಗಳಲ್ಲಿ ಇದೂ ಒಂದು. ಉಳಿದೆರಡು ಅಘನಾಶಿನಿ ಅಳಿವೆ ಮತ್ತು ಗದಗ ಜಿಲ್ಲೆಯ ಮಾಗಡಿ ಕೆರೆ. ಅಂಕಸಮುದ್ರ ನದಿಯಲ್ಲ, ಕೆರೆ. ಆದರೆ ನೀರಲ್ಲಿ ನಿಂತ ಜಾಲಿ ಮರಗಳಿಗೆ ಸಂಜೆ ಹಕ್ಕಿಗಳು ಗುಂಪು ಗುಂಪಾಗಿ ಬಂದಿಳಿಯುವುದು ಕಂಡಾಗ ಈ ವ್ಯತ್ಯಾಸ ಯಾರಿಗೂ ನೆನಪಿರುವುದಿಲ್ಲ. ಬೆಳಿಗ್ಗೆ ಹಿನ್ನೀರು, ಮಧ್ಯಾಹ್ನ ಹೊಸಪೇಟೆಯಲ್ಲಿ ಊಟ ಮತ್ತು ನಿದ್ದೆ, ಸಂಜೆ ಅಂಕಸಮುದ್ರ. ಒಂದು ದಿನಕ್ಕೆ ಇಷ್ಟು ಸಾಕು. ಇನ್ನೊಂದು ದಿನವಿದ್ದರೆ ಅಣೆಕಟ್ಟೆಯ ಕೆಳಗಿನ ನದಿಗೆ ಹೋಗಿ. ಮುದ್ಲಾಪುರದಿಂದ ಕಂಪ್ಲಿ ಸೇತುವೆವರೆಗಿನ ಹರಿವು ನೀರುನಾಯಿಗಳ ಸಂರಕ್ಷಣಾ ಮೀಸಲು. ಹಂಪಿಯ ಬಂಡೆಗಳೂ ಅದರ ನಡುವೆಯೇ ಬರುತ್ತವೆ. ದೇವಸ್ಥಾನ ನೋಡಬೇಕೆನ್ನುವ ಮನೆಮಂದಿ ಮತ್ತು ಹಕ್ಕಿ ನೋಡಬೇಕೆನ್ನುವ ನೀವು ಜಗಳವಿಲ್ಲದೆ ಒಂದೇ ಪ್ರವಾಸ ಮಾಡಬಹುದಾದ ಜಾಗ ಇದು. ಬೆಂಗಳೂರಿಂದ ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಹತ್ತಿದರೆ ಬೆಳಿಗ್ಗೆ ಹೊಸಪೇಟೆ.

ಇಲ್ಲಿಗೆ ಬೈನಾಕ್ಯುಲರ್ ಮಾತ್ರ ಸಾಲದು. ಹಕ್ಕಿ ದೂರದಲ್ಲಿರುತ್ತದೆ, ಸ್ಪಾಟಿಂಗ್ ಸ್ಕೋಪ್ (ಕಾಲುಗಂಬದ ಮೇಲಿಡುವ ದೂರದರ್ಶಕ) ಇರುವ ಸ್ನೇಹಿತರನ್ನು ಜೊತೆಗೆ ಕರೆದುಕೊಂಡು ಹೋಗಿ. ಎಂಟೂವರೆ ಒಂಬತ್ತು ದಾಟಿದ ಮೇಲೆ ನೆಲದ ಕಾವಿಗೆ ಗಾಳಿ ಕುದಿಯತೊಡಗುತ್ತದೆ. ಆಗ ಎಷ್ಟು ದುಬಾರಿ ಸ್ಕೋಪ್ ಇದ್ದರೂ ಕಾಣುವುದು ನಡುಗುವ ಬಿಳಿ ಚುಕ್ಕೆ ಅಷ್ಟೇ. ಸೂರ್ಯ ಬೆನ್ನ ಹಿಂದಿರುವ ದಡವನ್ನು ಹಿಂದಿನ ದಿನವೇ ನೋಡಿಟ್ಟುಕೊಳ್ಳಿ. ಕಾರನ್ನು ಕೆಸರಿನ ಕಡೆಗೆ ಇಳಿಸಬೇಡಿ. ಮೇಲೆ ಒಣಗಿದ ಪದರ, ಕೆಳಗೆ ಹಸಿ ಹೂಳು. ಟ್ರ್ಯಾಕ್ಟರ್ ಬರುವವರೆಗೆ ಅಲ್ಲೇ ಕೂರಬೇಕಾಗುತ್ತದೆ.

ಅಘನಾಶಿನಿ: ಗಡಿಯಾರ ನೋಡಬೇಡಿ, ಭರತ ಇಳಿತ ನೋಡಿ

ಇದುವರೆಗಿನ ಜಾಗಗಳಲ್ಲಿ ನೀರು ಇಳಿಯುವುದು ತಿಂಗಳ ಲೆಕ್ಕದಲ್ಲಿ. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ದಿನಕ್ಕೆ ಎರಡು ಸಲ ಇಳಿಯುತ್ತದೆ. ದೊಡ್ಡ ಅಣೆಕಟ್ಟೆಗಳಿಲ್ಲದೆ ಹರಿದು ಬರುವ ನದಿ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಕಗ್ಗ ಭತ್ತ ಬೆಳೆಯುವ ಉಪ್ಪುನೀರಿನ ಗಜನಿ ಭೂಮಿ, ಇಳಿತದಲ್ಲಿ ಚಿಪ್ಪಿ ಆಯುವ ಜನ, ಅವರ ಪಕ್ಕದಲ್ಲೇ ಮೇಯುವ ಹಕ್ಕಿ. ಒಳನಾಡಿನಲ್ಲಿ ಅಪರೂಪವಾದ, ಬಾಗಿದ ಉದ್ದ ಕೊಕ್ಕಿನ ಕರ್ಲ್ಯೂ, ವಿಂಬ್ರೆಲ್, ಸ್ಯಾಂಡ್ ಪ್ಲೋವರ್, ಕಡಲ ಬೆಳ್ಳಕ್ಕಿ ಇಲ್ಲಿನ ವಿಶೇಷ.

ಏಪ್ರಿಲ್‌ಗೆ ಒಂದು ಹೆಚ್ಚಿನ ಲಾಭ ಇದೆ. ಚಳಿಗಾಲವಿಡೀ ಬೂದು ಬೂದಾಗಿ, ಒಂದರಂತೆ ಒಂದು ಕಾಣುತ್ತಾ ತಲೆ ತಿಂದ ಹಕ್ಕಿಗಳು ಹೊರಡುವ ಮೊದಲು ಬಣ್ಣ ಹಾಕಿಕೊಳ್ಳುತ್ತವೆ. ಸ್ಯಾಂಡ್ ಪ್ಲೋವರ್‌ನ ಎದೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಕರ್ಲ್ಯೂ ಸ್ಯಾಂಡ್‌ಪೈಪರ್ ಕೆಂಪಗಾಗುತ್ತದೆ. ಗುರುತಿಸುವುದನ್ನು ಕಲಿಯುವವರಿಗೆ ಇದೇ ಸರಿಯಾದ ಹೊತ್ತು. ಆದರೆ ಏಪ್ರಿಲ್ ಕೊನೆಗೆ ಹೆಚ್ಚಿನವು ಹೊರಟು ಹೋಗುತ್ತವೆ. ಮೇ ತಿಂಗಳಲ್ಲಿ ಉಳಿಯುವುದು ಇನ್ನೂ ಮರಿ ಮಾಡುವ ವಯಸ್ಸಾಗದ ಕೆಲವು ಎಳೆಯ ಹಕ್ಕಿಗಳು, ಜೊತೆಗೆ ಊರಿನವೇ ಆದ ಬೆಳ್ಳಕ್ಕಿ, ಬಕ. ಹೋದವು ಮತ್ತೆ ಕಾಣತೊಡಗುವುದು ಆಗಸ್ಟ್ ಕೊನೆಗೆ. ಉತ್ತರದ ದೇಶಗಳಲ್ಲಿ ಅದು ಬೇಸಿಗೆಯ ಕೊನೆ, ನಮಗೆ ಇನ್ನೂ ಕೊಡೆ ಹಿಡಿಯುವ ಕಾಲ. ಆಗ ಬರುವ ಬೆಳೆದ ಹಕ್ಕಿಗಳಲ್ಲಿ ಆ ಬಣ್ಣ ಇನ್ನೂ ಸ್ವಲ್ಪ ಉಳಿದಿರುತ್ತದೆ.

ಹೊತ್ತಿನ ವಿಷಯದಲ್ಲಿ ಹೆಚ್ಚಿನವರು ಎಡವುವುದು ಪೂರ್ತಿ ಇಳಿತಕ್ಕೆ ಹೋಗಿ. ಆಗ ಕೆಸರು ಎಷ್ಟು ಅಗಲವೆಂದರೆ ಹಕ್ಕಿಗಳು ದೂರದ ಅಂಚಲ್ಲಿ ಚದುರಿರುತ್ತವೆ. ಇಳಿತ ಮುಗಿದು ನೀರು ಏರತೊಡಗಿದಾಗ ನಿಮ್ಮ ಜಾಗದಲ್ಲಿರಿ. ಏರುವ ನೀರು ಹಕ್ಕಿಗಳನ್ನು ನಿಮ್ಮ ಕಡೆಗೆ ತಳ್ಳಿಕೊಂಡು ಬರುತ್ತದೆ. ನೀವು ಒಂದು ಹೆಜ್ಜೆಯೂ ಇಡಬೇಕಿಲ್ಲ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಇಳಿತ ಹೆಚ್ಚು. ಕಾರವಾರದ ಭರತ ಇಳಿತದ ಪಟ್ಟಿ ಮೊಬೈಲಿನಲ್ಲೇ ಸಿಗುತ್ತದೆ. ಅದನ್ನು ನೋಡಿ, ಏರುವ ನೀರು ಬೆಳಿಗ್ಗೆ ಏಳರಿಂದ ಒಂಬತ್ತರ ನಡುವೆ ಬೀಳುವ ದಿನವನ್ನು ಆರಿಸಿ, ಆಮೇಲೆ ರೈಲು ಬುಕ್ ಮಾಡಿ. ಬೆಂಗಳೂರಿಂದ ಪಂಚಗಂಗಾ ಎಕ್ಸ್‌ಪ್ರೆಸ್ ಕುಮಟಾಕ್ಕೆ ಬರುತ್ತದೆ. ಉಲ್ಟಾ ಮಾಡಿದರೆ ಗೋಕರ್ಣದ ಬೀಚು ನೋಡಿ ಬರಬೇಕಾದೀತು. ಅದೂ ಕೆಟ್ಟದ್ದೇನಲ್ಲ ಬಿಡಿ.

ಕೆಸರಿಗೆ ಇಳಿಯುವ ಸಾಹಸ ಬೇಡ. ಚಿಪ್ಪಿ ಆಯುವವರಿಗೆ ಎಲ್ಲಿ ಕಾಲಿಡಬೇಕು ಗೊತ್ತು, ನಮಗೆ ಗೊತ್ತಿಲ್ಲ.

ಕಬಿನಿ, ಭದ್ರಾ, ಮಂಡಗದ್ದೆ

ಕಬಿನಿ ಹಿನ್ನೀರಿಗೆ ಬೇಸಿಗೆಯಲ್ಲಿ ಎಲ್ಲರೂ ಹೋಗುವುದು ಆನೆಗೆ. ನೀರಂಚಿನಲ್ಲಿ ಬಣ್ಣದ ಕೊಕ್ಕರೆ, ಉಣ್ಣೆಕತ್ತಿನ ಕೊಕ್ಕರೆ, ಟಿಟ್ಟಿಭ ಸಿಗುತ್ತವೆ. ಆದರೆ ಸಫಾರಿ ನಿಲ್ಲುವುದು ಹುಲಿಗೆ, ಗೊರವಕ್ಕಲ್ಲ. ಖರ್ಚೂ ಜಾಸ್ತಿ. ಬರೀ ಹಕ್ಕಿಗೆಂದು ಹೋಗುವವರಿಗೆ ನಾನು ಹೇಳುವುದಿಲ್ಲ. ಲಕ್ಕವಳ್ಳಿಯ ಭದ್ರಾ ಹಿನ್ನೀರಲ್ಲಿ ನೀರು ಇಳಿದಾಗ ಏಳುವ ನಡುಗಡ್ಡೆಗಳಲ್ಲಿ ನದಿ ರೀವಗಳು ದೊಡ್ಡ ಸಂಖ್ಯೆಯಲ್ಲಿ ಗೂಡು ಮಾಡುತ್ತವೆ. ರೀವ ಇಷ್ಟವಿದ್ದರೆ ರಂಗನತಿಟ್ಟಿಗಿಂತ ಅದೇ ಸರಿ.

ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯ ಮಂಡಗದ್ದೆಗೆ ಬೇಸಿಗೆಯಲ್ಲಿ ಹಕ್ಕಿಗೆಂದು ಹೋಗಬೇಡಿ. ತುಂಗೆಯ ನಡುವಿನ ಆ ತಿಟ್ಟಿಗೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಬರುವುದು ಮಳೆ ಹಿಡಿದ ಮೇಲೆ. ಸೊರಬದ ಗುಡವಿಯದೂ ಅದೇ ಕತೆ.

ನೆಲದ ಮೇಲಿನ ಮೊಟ್ಟೆ

ಎಲ್ಲಿಗೇ ಹೋದರೂ ಬೇಸಿಗೆಗೆ ಮಾತ್ರ ಸೇರಿದ ಒಂದು ಎಚ್ಚರಿಕೆ ಇದೆ. ಟಿಟ್ಟಿಭ, ಪ್ರಾಟಿನ್ಕೋಲ್, ರೀವ, ಸ್ಟೋನ್ ಪ್ಲೋವರ್ ಎಲ್ಲವೂ ಬಯಲು ನೆಲದಲ್ಲೇ ಮೊಟ್ಟೆ ಇಡುವುದು. ಕಲ್ಲಿನ ಬಣ್ಣದ ಮೊಟ್ಟೆ, ಕಾಲಡಿ ಬಂದರೂ ಕಾಣುವುದಿಲ್ಲ. ಬೇಸಿಗೆಯಲ್ಲಿ ಹಕ್ಕಿ ಮೊಟ್ಟೆಯ ಮೇಲೆ ಕೂರುವುದು ಕಾವು ಕೊಡಲು ಮಾತ್ರವಲ್ಲ, ಬಿಸಿಲಿಂದ ಕಾಪಾಡಲು ಕೂಡ. ಟಿಟ್ಟಿಭ ಹೊಟ್ಟೆಯ ಪುಕ್ಕವನ್ನು ನೀರಲ್ಲಿ ನೆನೆಸಿಕೊಂಡು ಬಂದು ಮೊಟ್ಟೆ ತಣಿಸುತ್ತದೆ. ಫೋಟೋಕ್ಕೆಂದು ನೀವು ಅಲ್ಲಿ ಕಾಲು ಗಂಟೆ ನಿಂತರೆ ಅಷ್ಟು ಹೊತ್ತೂ ಮೊಟ್ಟೆ ಬಿಸಿಲಲ್ಲಿ ಬೇಯುತ್ತದೆ. ತಲೆ ಮೇಲೆ ಕೂಗುತ್ತಾ ಸುತ್ತುವ ಹಕ್ಕಿ ಕಂಡರೆ ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಸುಮ್ನೆ ಮುಂದೆ ನಡೆದು ದಾಟಿ ಹೋಗುತ್ತೇನೆ ಅನ್ನಬೇಡಿ. ಮೊಟ್ಟೆ ಆ ಮುಂದೆಯೇ ಇರಬಹುದು.

ಹಾಗಾದರೆ ಎಲ್ಲಿಗೆ?

ಮಾರ್ಚ್ ಕೊನೆ, ಮನೆಮಂದಿಯೆಲ್ಲ ಜೊತೆಗೆ, ಒಂದೇ ದಿನ ಎಂದರೆ ಬೆಳಿಗ್ಗೆ ಕೊಕ್ಕರೆ ಬೆಳ್ಳೂರು, ಆಮೇಲೆ ರಂಗನತಿಟ್ಟು. ಬೆಂಗಳೂರು–ಮೈಸೂರು ದಾರಿಯಲ್ಲಿ ಎರಡೂ ಮುಗಿಯುತ್ತವೆ. ಏಪ್ರಿಲ್ ಮೊದಲೆರಡು ವಾರ, ಗೊರವ ಪ್ಲೋವರ್‌ಗಳನ್ನು ಕಲಿಯುವ ಹಟ ಇದ್ದರೆ ಅಘನಾಶಿನಿ. ಏಪ್ರಿಲ್ ಕೊನೆಯಿಂದ ಮೇ ಮೊದಲ ಭಾಗ, ಬಿಸಿಲಿಗೆ ಹೆದರದವರಿಗೆ ತುಂಗಭದ್ರಾ ಹಿನ್ನೀರು. ಹೆದರುವವರಿಗೆ ರಂಗನತಿಟ್ಟಿನ ದೋಣಿ. ಕೊಳದ ಬಕದ ಬೆನ್ನು ಆ ಹೊತ್ತಿಗೆ ಕಡುಗೆಂಪಾಗಿರುತ್ತದೆ, ಗೋವಕ್ಕಿಯ ತಲೆ ಕತ್ತು ಚಿನ್ನದ ಬಣ್ಣಕ್ಕೆ ತಿರುಗಿರುತ್ತದೆ. ಇವೆರಡಕ್ಕೆ ದೂರ ಹೋಗಬೇಕಿಲ್ಲ, ನಿಮ್ಮೂರ ಹಳ್ಳದಂಚಿನಲ್ಲೇ ಸಿಗುತ್ತವೆ.

ಮೇ ಕೊನೆಯ ವಾರಕ್ಕೆ ಮುಂಗಡ ಬುಕ್ ಮಾಡಬೇಡಿ. ಮುಂಗಾರು ಪೂರ್ವ ಮಳೆ ಎರಡು ದಿನ ಜೋರಾಗಿ ಹೊಡೆದರೆ ಅಂಚು ಮುಳುಗುತ್ತದೆ, ಹಕ್ಕಿ ಚದುರುತ್ತದೆ. ಹೊರಡುವ ಹಿಂದಿನ ದಿನ ಜಲಾಶಯದ ಮಟ್ಟ ಎಷ್ಟಿದೆ ಎಂದು ಪತ್ರಿಕೆಯಲ್ಲಿ ನೋಡಿ. ಹಕ್ಕಿ ನೋಡುವವರು ತಾವು ಕಂಡದ್ದನ್ನು ದಾಖಲಿಸುವ ಇಬರ್ಡ್ ಜಾಲತಾಣದಲ್ಲಿ ಆ ವಾರ ಯಾರಾದರೂ ಪಟ್ಟಿ ಹಾಕಿದ್ದಾರಾ ನೋಡಿ. ರಂಗನತಿಟ್ಟಾದರೆ ದೋಣಿ ಇದೆಯಾ ಎಂದು ಒಂದು ಫೋನ್ ಮಾಡಿ. ನದಿಯಲ್ಲಿ ನೀರು ಹೆಚ್ಚಾದ ದಿನ ಅದನ್ನು ನಿಲ್ಲಿಸುತ್ತಾರೆ.